ಅಣು ಕಂಪನಿ ಒಡೆದದ್ದು, ನನ್ನ ಅಂಗೈ ಸಿಕ್ಕಿಬಿದ್ದದ್ದು

ಪೇಪರಿನ ಮೊದಲ ಪುಟಕ್ಕೂ ನನಗೂ ಯಾವ ಸಂಬಂಧವೂ ಇಲ್ಲವೆಂದು ನಂಬಿಕೊಂಡು ಅರ್ಧ ಆಯುಷ್ಯವನ್ನು ನೆಮ್ಮದಿಯಿಂದ ಕಳೆದವನು ನಾನು. ಅಲ್ಲಿ ಸರ್ಕಾರ ಬೀಳುತ್ತದೆ, ಏಳುತ್ತದೆ, ರೂಪಾಯಿ ಜಾರುತ್ತದೆ. ನಾನು ಕೇಶ್ವಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಳಪುಟದ ನಿಧನವಾರ್ತೆ ಓದಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಗ್ಗರಣೆ ಅವಲಕ್ಕಿ ತಿನ್ನುತ್ತೇನೆ. ಆದರೆ ಒಂದು ಬೆಳಿಗ್ಗೆ ಮೊದಲ ಪುಟವೇ ನನ್ನನ್ನು ಹುಡುಕಿಕೊಂಡು ಬಂತು. ದೇಶದ ಅಣುವಿದ್ಯುತ್ ಸ್ಥಾವರಗಳನ್ನು ನೋಡಿಕೊಳ್ಳುವ ಸರ್ಕಾರಿ ಕಂಪನಿಯನ್ನು ಪುನರ್ರಚಿಸಿ ಮೂರು ಮಾಡುತ್ತಾರಂತೆ: ಒಂದು ಕಟ್ಟುವುದಕ್ಕೆ, ಒಂದು ನಡೆಸುವುದಕ್ಕೆ, ಇನ್ನೊಂದು ನಮ್ಮ ಸ್ಥಾವರಗಳನ್ನು ಪರದೇಶಕ್ಕೆ ಮಾರುವುದಕ್ಕೆ. ಮಿಷನ್ ಶಾಲೆಯಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಸುಶೀಲಾ ಚಹಾ ಸೋಸುತ್ತ ಕೇಳಿದಳು, "ಅಣು ಒಡದ್ರ ಕರೆಂಟ್ ಬರ್ತದ. ಕಂಪನಿ ಒಡದ್ರ ಏನ್ ಬರ್ತದ್ರಿ?" ಅದರ ಉತ್ತರ ನನಗೆ ಈಗ ಗೊತ್ತು. ಇನ್ಸ್‌ಪೆಕ್ಟರುಗಳು ಬರುತ್ತಾರೆ.

ನಾನು ಕೆಲಸ ಮಾಡುವುದು ಬೆಂಗೇರಿಯ ಆಚೆಗಿರುವ ಒಂದು ಸಣ್ಣ ವಾಲ್ವ್ ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿ. ಮುಖ್ಯಸ್ಥ ಅಂದರೆ ಆ ವಿಭಾಗದಲ್ಲಿ ನಾನೊಬ್ಬನೇ. ನಮ್ಮ ವಾಲ್ವುಗಳು ಬಹಳ ವರ್ಷಗಳಿಂದ ಅಣುಸ್ಥಾವರಗಳಿಗೆ ಹೋಗುತ್ತಿವೆ. ಇದನ್ನು ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತಿದ್ದೆ. ಅದರಿಂದ ಆದ ಲಾಭವೆಂದರೆ, ನಮ್ಮ ಕ್ಷೌರದವನು ನನ್ನ ತಲೆ ಮುಟ್ಟುವ ಮೊದಲು "ಸರ, ಏನೂ ಆಗೂದಿಲ್ಲಲ್ರಿ?" ಎಂದು ಕೇಳತೊಡಗಿದ. ಸುಶೀಲಾಳ ಅಕ್ಕ ನಮ್ಮ ಮನೆಯ ಬಿಂದಿಗೆಯ ನೀರು ಕುಡಿಯುವುದನ್ನು ಬಿಟ್ಟಳು. ಕೊನೆಗೆ ಸುಶೀಲಾಳೇ ಬಂಧುಬಳಗಕ್ಕೆಲ್ಲ ಸಮಾಧಾನ ಹೇಳಿದಳು: "ಬಾಂಬ್ ಗೀಂಬ್ ಏನಿಲ್ರಿ, ಇವರು ನಳ ಮಾಡ್ತಾರ. ದೊಡ್ಡ ನಳ." ಅಲ್ಲಿಗೆ ನನ್ನ ಅಣುವಿಜ್ಞಾನ ಮುಗಿಯಿತು.

ಕಂಪನಿ ಮೂರಾದ ಸುದ್ದಿ ನಮ್ಮ ಮಾಲೀಕ ಶಿವಾನಂದಪ್ಪನವರಿಗೆ ಬಹಳ ಹಿಡಿಸಿತು. ಅವರ ತಂದೆ ಹತ್ತಿ ವ್ಯಾಪಾರಿ. ಇವರು ಕಬ್ಬಿಣಕ್ಕೆ ಬಂದವರು. ದಿಲ್ಲಿಯವರು ಮಾಡಿದ್ದನ್ನು ನಾವೂ ಮಾಡಬೇಕೆಂದು ನಮ್ಮ ಕಾರ್ಖಾನೆಯನ್ನೂ ಮೂರು ವಿಭಾಗ ಮಾಡಿ, ಗುಣಮಟ್ಟದ ಜೊತೆಗೆ ರಫ್ತು ವಿಭಾಗವನ್ನೂ ನನ್ನ ತಲೆಗೆ ಕಟ್ಟಿದರು. ಹೊಸ ಹುದ್ದೆಗೆ ಹೊಸ ಕುರ್ಚಿ ಬರಲಿಲ್ಲ. ರಫ್ತಿನ ಕೆಲಸವಿದ್ದಾಗ ಹಳೆಯ ಕುರ್ಚಿಯನ್ನೇ ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ನಗುವ ಸಂಗತಿ ಇಲ್ಲಿಗೆ ಸಾಕು. ಹೊಸ ನಿಯಮದ ಪ್ರಕಾರ, ಪರದೇಶಕ್ಕೆ ಕಳಿಸಲು ಯೋಗ್ಯವಾದ ಮಾಲು ಮಾಡುವವರಿಂದ ಮಾತ್ರ ಸ್ವದೇಶಕ್ಕೂ ಕೊಳ್ಳುತ್ತಾರಂತೆ. ನಾವೊಂದು ಮಾದರಿ ವಾಲ್ವ್ ಮಾಡಿ ತೋರಿಸಬೇಕು; ಮೂರೂ ಕಂಪನಿಯ ಇನ್ಸ್‌ಪೆಕ್ಟರುಗಳು ಬಂದು ಒಪ್ಪಬೇಕು. ಒಪ್ಪದಿದ್ದರೆ ಅಣುಸ್ಥಾವರದ ಕೆಲಸವೇ ಹೋಯಿತು, ಅದರೊಂದಿಗೆ ಕಾರ್ಖಾನೆಯ ಅರ್ಧ ಜನ ಮನೆಗೆ. ಆ ಅರ್ಧದಲ್ಲಿ ನಾನಂತೂ ಇದ್ದೇ ಇರುತ್ತೇನೆ. ಹಳ್ಳಿಯ ನೀರಿನ ಟಾಕಿಗೆ ಹಾಕುವ ವಾಲ್ವಿಗೆ ಗುಣಮಟ್ಟದ ಮುಖ್ಯಸ್ಥ ಯಾಕೆ ಬೇಕು? ನನ್ನ ವಯಸ್ಸಿನಲ್ಲಿ ಹೊಸ ಕೆಲಸ ಕೊಡುವವರು ಯಾರು? ನಿಜವಾಗಿಯೂ ನನಗೆ ಹೆದರಿಕೆಯಾಗಿತ್ತು.

ಹೆದರಿಕೆಗೆ ಇನ್ನೊಂದು ಕಾರಣ ತೆಂಗಿನಕಾಯಿ. ನಮ್ಮಲ್ಲಿ ಯಾವ ಮಾಲೂ ಪೂಜೆಯಿಲ್ಲದೆ ಗೇಟು ದಾಟುವುದಿಲ್ಲ. ವಾಲ್ವಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಅದರ ಮುಂದೆಯೇ ಕಾಯಿ ಒಡೆಯುತ್ತಾರೆ. ಮೊದಲೆಲ್ಲ ನಾನು ಆಮೇಲೆ ಒರೆಸಿ ಕಳಿಸುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಈಗಿನ ನಿಯಮ ಬಲು ಬಿಗಿ. ವಾಲ್ವಿನ ಸ್ಟೇನ್‌ಲೆಸ್ ಸ್ಟೀಲಿಗೆ ಉಪ್ಪಿನಂಶ ಸೋಕಿದರೆ ವರ್ಷಗಳ ಮೇಲೆ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಅದನ್ನು ನಾನು ಮಾಲೀಕರಿಗೆ ವಿವರಿಸಲು ಹೋದೆ.

"ನಮ್ಮಪ್ಪ ಹತ್ತಿ ಗಾಡಿ ಕಳಸೂವಾಗಿಂದ ಕಾಯಿ ಒಡ್ಯಾಕತ್ತೇವಿ, ಸಾಲೊಮನ್ ಸರ," ಅಂದರು. "ಒಂದ್ ಗಾಡಿನೂ ಮಗಚಿಲ್ಲ."

"ಖರೇ ಅದ ಸಾವ್ಕಾರ್ರ. ಆದ್ರ ಕಾಯಿ ನೀರಿನ್ಯಾಗ ಉಪ್ಪಿನಂಶ ಇರ್ತದ್ರಿ. ಕುಂಕುಮದಾಗ ಏನೇನ್ ಕೂಡಿಸಿರ್ತಾರೋ, ದೇವರಿಗೇ ಗೊತ್ತು."

"ದೇವರಿಗೆ ಗೊತ್ತಿದ್ರ ಸಾಕಲ್ರಿ ಮತ್ತ?"

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವಾಗಿಯೇ ಬಂದು, ಪೂಜೆಯನ್ನು ಗೇಟಿನ ಹೊರಗೆ ಖಾಲಿ ಲಾರಿಗೆ ಮಾಡುವುದಾಗಿ ಒಪ್ಪಿಕೊಂಡರು. ಅವರ ಮುಖ ನೋಡಿ ನನಗೆ ಪಾಪವೂ ಅನ್ನಿಸಿತು. ಆದರೂ ವಿಜ್ಞಾನ ಗೆದ್ದಿತೆಂದು ಒಳಗೊಳಗೇ ಬೀಗಿದೆ. ಬರಿಗೈಲಿ ಯಾರೂ ವಾಲ್ವ್ ಮುಟ್ಟಕೂಡದು, ಬೆವರಿನಲ್ಲೂ ಉಪ್ಪಿದೆ ಎಂದು ಎಲ್ಲರಿಗೂ ಗ್ಲೌಸ್ ಹಂಚಿ, ಅರ್ಧ ತಾಸು ಉಪದೇಶವನ್ನೂ ಮಾಡಿದೆ. ಉಪದೇಶ ನಮ್ಮ ಮನೆತನದಲ್ಲೇ ಇದೆ. ನನ್ನ ಅಜ್ಜ ಧಾರವಾಡದ ಕಡೆ ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತಿದ್ದವರು.

ತಪಾಸಣೆಯ ದಿನ ಎಲ್ಲರಿಗಿಂತ ಮೊದಲು ಹೋದೆ. ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ವಾಲ್ವ್ ಥಳಥಳ ಹೊಳೆಯುತ್ತಿತ್ತು. ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ: ಯಾರಾದರೂ ದೂರ ಹೊರಟರೆ, ಪರೀಕ್ಷೆಗೆ ಕೂತರೆ, ಕಾಯಿಲೆ ಬಿದ್ದರೆ, ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೇವೆ. ಈ ವಾಲ್ವಿಗೆ ಪರೀಕ್ಷೆಯೂ ಇತ್ತು, ದೂರದ ಪ್ರಯಾಣವೂ ಇತ್ತು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಗ್ಲೌಸ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ತೆಗೆದೆ. ಗ್ಲೌಸ್ ಹಾಕಿಕೊಂಡು ತಲೆಯ ಮೇಲೆ ಕೈಯಿಟ್ಟ ಪಾದ್ರಿಯನ್ನು ನಾನಂತೂ ಕಂಡಿಲ್ಲ. ಸಾಕಷ್ಟು ದೀರ್ಘವಾಗಿಯೇ ಪ್ರಾರ್ಥಿಸಿದೆ. ಆಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಹೋಗಿ ಎರಡು ಕಪ್ ಚಹಾ ಕುಡಿದೆ.

ಮೂವರೂ ಬಂದರು. ಕಟ್ಟುವ ಕಂಪನಿಯವರು ದಪ್ಪಗಿದ್ದರು, ನಡೆಸುವ ಕಂಪನಿಯವರು ಸಪ್ಪಗಿದ್ದರು, ಮಾರುವ ಕಂಪನಿಯವರು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು. ಆಕೆ ಟಾರ್ಚನ್ನು ಓರೆಯಾಗಿ ಹಿಡಿದು ಬಗ್ಗಿ ನೋಡಿ, "ಇದು ಯಾರ ಕೈ?" ಎಂದರು. ಸ್ಟೀಲಿನ ಮೇಲೆ ಒಂದು ಅಂಗೈ ಸ್ಪಷ್ಟವಾಗಿ ಮೂಡಿತ್ತು.

ಎಲ್ಲರೂ ಮಾಲೀಕರ ಕಡೆ ತಿರುಗಿದರು. ಶಿವಾನಂದಪ್ಪನವರು ಗುರುತು ನೋಡಿದರು, ನನ್ನ ಮುಖ ನೋಡಿದರು, ತಟ್ಟನೆ ಹೇಳಿದರು: "ನಂದ ರೀ, ಮೇಡಂ. ಮನಸ್ಸು ತಡೀಲಿಲ್ಲ, ಮುಟ್ಟಿ ನಮಸ್ಕಾರ ಮಾಡಿದೆ."

"ಎಲ್ಲಿ, ಕೈ ತೋರಿಸಿ."

ಅವರು ತೋರಿಸಿದರು. ಐದೂ ಬೆರಳು ನೆಟ್ಟಗಿದ್ದವು. ವಾಲ್ವಿನ ಮೇಲಿದ್ದದ್ದು ನಾಲ್ಕೂವರೆ. ತರುಣನಾಗಿದ್ದಾಗ ನನ್ನ ಬಲಗೈಯ ಉಂಗುರದ ಬೆರಳಿನ ಅರ್ಧವನ್ನು ಲೇತ್ ಮಷೀನು ಇಟ್ಟುಕೊಂಡಿತ್ತು. ಇಡೀ ಕಾರ್ಖಾನೆಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಜೇಬಿನಿಂದ ಅದನ್ನು ಹೊರಗೆ ತೆಗೆಯದೆ ಗತಿಯಿರಲಿಲ್ಲ. "ನಂದ ರೀ," ಅಂದೆ.

ನನ್ನನ್ನು ಉಳಿಸಿದ್ದು ಪುನರ್ರಚನೆ. ವಾಲ್ವಿನೊಳಗೆ ನೀರು ಹರಿದಿಲ್ಲ, ಆದ್ದರಿಂದ ನಮಗೆ ಸೇರಿದ್ದಲ್ಲ ಎಂದರು ಸಪ್ಪಗಿನವರು. ಸ್ಥಾವರಕ್ಕೆ ಕೂಡಿಸಿಲ್ಲ, ನಮಗೂ ಅಲ್ಲ ಎಂದರು ದಪ್ಪಗಿನವರು. ಇನ್ನೂ ದೇಶದ ಗಡಿ ದಾಟಿಲ್ಲವಲ್ಲ ಎಂದರು ಮೇಡಂ. ತಿರಸ್ಕರಿಸುವ ಅಧಿಕಾರ ಯಾರದೆಂದು ಊಟದ ಹೊತ್ತಿನವರೆಗೂ ಚರ್ಚೆ ನಡೆಯಿತು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಮುಗಿಯುವಷ್ಟರಲ್ಲಿ ಮೂವರೂ ಒಂದು ತೀರ್ಮಾನಕ್ಕೆ ಬಂದರು: ಶುದ್ಧ ನೀರಿನಲ್ಲಿ ತೊಳೆದು ಮತ್ತೆ ಪರೀಕ್ಷಿಸುವುದು, ಕಾರಣ ಮತ್ತು ಪರಿಹಾರವನ್ನು ಗುಣಮಟ್ಟದ ಮುಖ್ಯಸ್ಥರು ಬರೆದುಕೊಡುವುದು. ತೊಳೆದ ಮೇಲೆ ವಾಲ್ವ್ ಪಾಸಾಯಿತು. ನಾನು "ಮಾನವ ಸಂಪರ್ಕ" ಎಂದು ಬರೆದದ್ದಕ್ಕೆ ಮೇಡಂ ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದರು. ಬರೆದೆ. ಕಾರಣ: ಪ್ರಾರ್ಥನೆ. ಪರಿಹಾರ: ಇನ್ನು ಮುಂದೆ ಪ್ರಾರ್ಥನೆಯನ್ನು ದೂರದಿಂದ ಮಾಡಲಾಗುವುದು.

ಅವರೆಲ್ಲ ಹೋದ ಮೇಲೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಬಯ್ಯಲಿಲ್ಲ. "ಹೋಗ್ಲಿ ಬಿಡ್ರಿ," ಅಂದರು. "ನಾವಿಬ್ಬರೂ ಹೆದರಿದ್ವಿ. ನಾ ಲಾರಿಗೆ ಹೇಳಿಕೊಂಡೆ, ನೀವು ಮಾಲಿಗೆ ಹೇಳಿಕೊಂಡ್ರಿ." ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ವಾಲ್ವ್ ಹೋಯಿತು, ಆರ್ಡರ್ ಬಂತು, ಅದರ ಜೊತೆಗೇ ಮಾರುವ ಕಂಪನಿಯಿಂದ ಒಂದು ಪತ್ರವೂ ಬಂತು. ತಾವು ಸೂಚಿಸಿದ ಪರಿಹಾರದಲ್ಲಿ "ದೂರ" ಎಂದರೆ ಎಷ್ಟು ಎಂಬುದು ಸ್ಪಷ್ಟವಾಗಿಲ್ಲ, ದಯವಿಟ್ಟು ಅಳತೆ ತಿಳಿಸಿ. ನಮ್ಮ ಪಾದ್ರಿಗಳನ್ನು ಕೇಳಿದೆ. "ಪ್ರಾರ್ಥನೆಗೆ ದೂರ ಹತ್ತಿರ ಅಂತ ಇರೂದಿಲ್ರಿ," ಅಂದರು. ಅದನ್ನು ಕಂಪನಿಗೆ ಬರೆಯುವ ಹಾಗಿಲ್ಲ. "ಆರು ಅಡಿ" ಎಂದು ಬರೆದು, ರಫ್ತು ವಿಭಾಗದ ಮುಖ್ಯಸ್ಥನೆಂದು ಸಹಿ ಹಾಕಿದೆ. ಮೊನ್ನೆ ಹೊಸ ಆರ್ಡರಿನ ಮೊದಲ ವಾಲ್ವ್ ಹೊರಟಿತು. ನಾನು ಅಷ್ಟು ದೂರದಲ್ಲಿ ನಿಂತು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚಿದೆ. ಪ್ರಾರ್ಥನೆಯ ಒಂದು ಮಾತೂ ಬರಲಿಲ್ಲ. ನಿಂತದ್ದು ಆರಡಿಯೋ ಐದೂವರೆಯೋ ಎಂಬ ಸಂಶಯವೊಂದೇ ಬಂತು. ಕಣ್ಣು ತೆರೆದು ಟೇಪು ತರಲು ಹೋದೆ.