ಹಲ್ಲಿನ ಡಾಕ್ಟರ ಮೀನಿಗೊಂದು ಕಾಪಿ ಬೇರು

ಒಣಗಿದ ಮರದಿಂದ ಯಾರಿಗೆ ಏನು ತೊಂದರೆ ಅಂದುಕೊಂಡು ಈ ಕಸುಬಿಗೆ ಇಳಿದವನು ನಾನು. ಪುಲ್ಪಳ್ಳಿಯಲ್ಲಿ ನನ್ನದೊಂದು ಮೀನಿನ ತೊಟ್ಟಿಯ ಅಂಗಡಿ. ತೊಟ್ಟಿಯೊಳಗೆ ಇಡುವ ಒಣಬೇರು, ಕೊರಡುಗಳನ್ನೂ ಹದಮಾಡಿ ಕೊಡುತ್ತೇನೆ. ಎದೆ ಧಸಕ್ಕೆನ್ನದ ವಾರವೇ ಇಲ್ಲ. ಬೇರೆಲ್ಲ ಬಿಡಿ, ಒಂದೇ ಒಂದು ಕಾಪಿ ಬೇರು ಮೂರು ಸಲ ನನ್ನ ಜೀವ ಬಾಯಿಗೆ ತಂದಿತು.

ಮೈಸೂರು ಕಡೆಯಿಂದ ಹೊಸದಾಗಿ ಬಂದ ಹಲ್ಲಿನ ಡಾಕ್ಟರು, ರೋಗಿಗಳು ಕಾಯುವ ಕೋಣೆಗೆ ದೊಡ್ಡ ತೊಟ್ಟಿ ಬೇಕೆಂದರು. ಬೇರನ್ನು ಫೋಟೋ ನೋಡಿ ಅವರೇ ಆರಿಸಿದರು. "ಇದೇ ಆಗ್ಬೇಕು. ಇದಿಲ್ಲದಿದ್ರೆ ತೊಟ್ಟಿಯೂ ಬೇಡ." ಅಂಗಡಿ ತೆರೆದ ಮೇಲೆ ಬಂದ ಮೊದಲ ದೊಡ್ಡ ಆರ್ಡರ್ ಅದು. ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು, "ಇದೂ ಕೈಕೊಟ್ರೆ ಅಂಗಡಿ ಮುಚ್ಚಿ, ನಮ್ಮಣ್ಣನ ಜೊತೆ ಮೆಣಸು ಕೊಯ್ಯಕ್ಕೆ ಹೋಗಿ."

೧. ಕೊಂಬು

ಬೇರು ಇದ್ದದ್ದು ತೋಲ್ಪೆಟ್ಟಿಯಲ್ಲಿ, ಹೆಂಡತಿಯ ಅದೇ ಅಣ್ಣನ ತೋಟದಲ್ಲಿ. ಮುದಿ ಗಿಡವನ್ನು ಅವನು ಕಿತ್ತುಹಾಕಿದ್ದ. ಮಣ್ಣು ತೊಳೆದು, ಗೋಣಿ ಸುತ್ತಿ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೊರಟೆ. ಎರಡು ಕವಲು ಗೋಣಿಯಿಂದ ಹೊರಗೆ ಚಾಚಿದ್ದವು.

ದಾರಿಯ ಅರಣ್ಯ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಆ ಕವಲು ನೋಡಿದ, ನನ್ನ ಮುಖ ನೋಡಿದ, ಸೀಟಿ ಊದಿದ. ಒಳಗಿನಿಂದ ಮೂವರು ಓಡಿಬಂದರು.

"ಇಳಿ. ಜಿಂಕೆ ಎಲ್ಲಿ ಹೊಡೆದೆ?"

ಜಿಂಕೆ ಕೊಂಬೆಂದರೆ ಜೈಲೇ ಗತಿ. ಗಾಬರಿಯಲ್ಲಿ "ಹೊಡೆದಿಲ್ಲ ಸಾರ್, ಕಿತ್ತದ್ದು" ಅಂದುಬಿಟ್ಟೆ. ಅದರಿಂದ ನನಗೆ ಏನೂ ಅನುಕೂಲವಾಗಲಿಲ್ಲ.

ಗೋಣಿ ಬಿಚ್ಚಿಸಿದರು. ಅವರಲ್ಲಿ ಹಿರಿಯವನು ಉಗುರಿನಿಂದ ಕೆರೆದು ಮೂಸಿದ. "ಕಾಪಿ ಬೇರಲ್ವಾ! ಇದನ್ನ ಏನು ಮಾಡ್ತೀ?"

"ಮಾರ್ತೀನಿ ಸಾರ್. ಮೀನಿನ ತೊಟ್ಟಿಗೆ."

ಈಗ ಗಾಬರಿ ಅವನ ಮುಖಕ್ಕೆ ಹತ್ತಿತು. "ಇದಕ್ಕೆ ದುಡ್ಡು ಕೊಡ್ತಾರಾ? ನಮ್ಮನೇಲಿ ಇಷ್ಟು ವರ್ಷ ಇದನ್ನೇ ಉರಿಸಿ ಸ್ನಾನಕ್ಕೆ ನೀರು ಕಾಯಿಸಿದೀವಲ್ಲೋ!"

೨. ಕಷಾಯ

ಬೇರನ್ನು ತಂದಹಾಗೇ ತೊಟ್ಟಿಗಿಟ್ಟರೆ ನೀರೆಲ್ಲ ಹಾಲು ಹಾಕದ ಕಟ್ಟನ್ ಚಾಯದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಕುದಿಸಬೇಕು. ಭತ್ತ ಬೇಯಿಸುವ ಹಂಡೆಯನ್ನು ಹಿತ್ತಲಲ್ಲಿ ಒಲೆಗೇರಿಸಿ, ಬೇರು ಮುಳುಗಿಸಿ ಅಂಗಡಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಹಂಡೆ ಅರ್ಧ ಖಾಲಿ.

"ನೀರೆಲ್ಲಿ ಹೋಯ್ತು?"

"ಪಕ್ಕದ ಮನೆ ಚೇಚಿ ಎರಡು ಬಿಂದಿಗೆ ಒಯ್ದರು" ಎಂದಳು ಹೆಂಡತಿ. "ಮಗಳು ಬಾಣಂತಿ ಅಲ್ವಾ, ಸ್ನಾನಕ್ಕಂತೆ."

ನಮ್ಮ ಕಡೆ ಬಾಣಂತಿಗೆ ಸೊಪ್ಪು, ತೊಗಟೆ ಕುದಿಸಿದ ನೀರಲ್ಲೇ ಸ್ನಾನ. ಹಂಡೆಯಲ್ಲಿ ಕಂದುನೀರು ಕುದಿಯುವುದನ್ನು ಕಂಡು ಚೇಚಿ ಯಾರೋ ವೈದ್ಯರ ಮದ್ದೆಂದೇ ತಿಳಿದಿದ್ದಾರೆ. ಹಸಿ ಬಾಣಂತಿಗೆ ಏನಾದರೂ ಆದರೆ? ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಅಷ್ಟರಲ್ಲಿ ಸ್ನಾನ ಮುಗಿದಿತ್ತು.

"ಚೇಚೀ, ಅದು ಮದ್ದಲ್ಲ! ಮೀನಿನ ತೊಟ್ಟಿಗೆ ಕುದಿಸಿದ್ದು!"

"ಮೆಲ್ಲ ಮಾತಾಡು ಮೋನೇ. ಹೆತ್ತ ಮೇಲೆ ಇವತ್ತೇ ಅವಳಿಗೆ ಹೀಗೆ ನಿದ್ದೆ ಬಂದಿರೋದು." ಮೈ ಒರೆಸಿ ಬಣ್ಣ ಹಿಡಿದ ಬಿಳಿ ತೋರ್ತನ್ನು ಹೆಮ್ಮೆಯಿಂದ ಬಿಡಿಸಿ ತೋರಿಸಿದರು. "ನೋಡು, ಮೈಯಲ್ಲಿದ್ದ ಕೆಟ್ಟದ್ದೆಲ್ಲ ಹೆಂಗೆ ಇಳಿದಿದೆ! ನಾಳೆಗೂ ಎರಡು ಬಿಂದಿಗೆ ಇಟ್ಟಿರು."

೩. ಕೆಂಪು ಬಟ್ಟೆ

ಒಣಬೇರು ನೀರಿನಲ್ಲಿ ತೇಲುತ್ತದೆ. ಕಲ್ಲು ಕಟ್ಟಿ ವಾರಗಟ್ಟಲೆ ಮುಳುಗಿಸಿಟ್ಟರೆ ಮಾತ್ರ ತಳದಲ್ಲಿ ಕೂರುತ್ತದೆ. ಚೇಕಾಡಿಯಲ್ಲಿ ಒಂದು ಗದ್ದೆಯ ಮೂಲೆಯ ಹೊಂಡ ಕಣ್ಣಿಗೆ ಬಿತ್ತು. ಗದ್ದೆಯ ಮನೆಯವರು ಯಾರೂ ಇರಲಿಲ್ಲ. ಆಮೇಲೆ ಹೇಳಿದರಾಯಿತೆಂದು, ಹೆಂಡತಿಯ ಹಳೇ ಕೆಂಪು ಸೀರೆಯ ಚೂರಿನಿಂದ ಬೇರಿಗೆ ಕಲ್ಲು ಬಿಗಿದು ಇಳಿಸಿ ಬಂದೆ. ಹೇಳುವುದು ಮರೆತೇಹೋಯಿತು.

ಮೂರು ವಾರ ಬಿಟ್ಟು ಹೋದರೆ ಹೊಂಡದ ಸುತ್ತ ಜನ! ಆ ಮನೆಯ ಹಸು ಇದ್ದಕ್ಕಿದ್ದಂತೆ ಹಾಲು ಕೊಡುವುದು ನಿಲ್ಲಿಸಿತ್ತಂತೆ. ಹೊಂಡ ತಡಕಿದಾಗ ಕೆಂಪು ಬಟ್ಟೆ, ಕಲ್ಲು, ಬೇರು. ಯಾರೋ ಮಾಟ ಮಾಡಿಸಿದ್ದಾರೆಂದು, ಮಾಟ ತೆಗೆಯುವವನನ್ನೇ ಕರೆಸಿದ್ದರು.

"ಏಳು ತುಂಡು ಮಾಡಿ ಸುಡಿ" ಎಂದ ಅವನು. "ಮಾಡಿದವನು ಇಲ್ಲೇ ಹತ್ತಿರದಲ್ಲಿದ್ದಾನೆ."

ಮನೆಯ ಯಜಮಾನ ಕೊಡಲಿ ಎತ್ತಿದ. ಬಾಯಿ ಬಿಟ್ಟರೆ ನಾನು ಮಾಟಗಾರ, ಬಿಡದಿದ್ದರೆ ಅಂಗಡಿ ಹೋಯಿತು. ಯೋಚಿಸುವಷ್ಟರಲ್ಲಿ ಬಾಯಿ ತಾನೇ ಕೂಗಿಬಿಟ್ಟಿತು.

"ಯಜಮಾನ್ರೇ ನಿಲ್ಲಿ! ಅದು ನಂದು!"

ಎಲ್ಲರೂ ನನ್ನತ್ತ ತಿರುಗಿದರು, ಕೊಡಲಿಯೂ ತಿರುಗಿತು.

"ಹಲ್ಲಿನ ಡಾಕ್ಟರ ಮೀನಿಗೆ... ಅಡಗಿ ಕೂರಕ್ಕೆ..." ಎಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಹೋಯಿತು.

ಯಜಮಾನನ ಮುದಿ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೊಡಲಿ ಇಳಿಸೋ. ಸುಳ್ಳು ಹೇಳೋನಾಗಿದ್ರೆ ಇದಕ್ಕಿಂತ ಒಳ್ಳೇ ಸುಳ್ಳು ಹೇಳ್ತಿದ್ದ."

ಆದರೂ ಕಣ್ಣಾರೆ ನೋಡದೆ ಬಿಡುವುದಿಲ್ಲವೆಂದರು. ಒಂದು ಜೀಪಿನಲ್ಲಿ ಏಳು ಜನ, ಮಾಟ ತೆಗೆಯುವವನೂ ಸೇರಿ, ಬೇರಿನ ಜೊತೆಗೇ ಬಂದು ಡಾಕ್ಟರ ಕೋಣೆಯಲ್ಲಿ ಸಾಲಾಗಿ ಕುಳಿತರು. ತೊಟ್ಟಿ, ನೀರು, ಮೀನು ಎಲ್ಲ ಮೊದಲೇ ಸಿದ್ಧವಿತ್ತು. ಬೇರನ್ನು ನೀರಿಗೆ ಬಿಟ್ಟೆ. ಅದು ಮೆಲ್ಲಗೆ ತಳಕ್ಕಿಳಿದು ಕೂತಿತು. ಒಂದು ಮೀನು ಬಂದು ಸುತ್ತು ಹೊಡೆದು ಬೇರಿನ ಸಂದಿಗೆ ನುಸುಳಿತು. ಏಳೂ ಜನ ಬೆರಗಾಗಿ ಬಾಯಿ ತೆರೆದರು.

ಡಾಕ್ಟರಿಗೆ ಅಷ್ಟು ಸಾಕಾಯಿತು. ತೆರೆದ ಬಾಯಿಗಳಿಗೆ ಅಲ್ಲೇ ಟಾರ್ಚ್ ಹಿಡಿದರು. ನಾಲ್ವರ ಹಲ್ಲು ಕೀಳಲೇಬೇಕಾಯಿತು. ಮೊದಲು ಕುರ್ಚಿ ಹತ್ತಿದವನು ಮಾಟ ತೆಗೆಯುವವನು.

ಸಂಜೆ ಡಾಕ್ಟರ ಫೋನ್ ಬಂತು. "ನನ್ನ ಕೋಣೆ ತುಂಬಿದ್ದು ಇವತ್ತೇ ಮೊದಲು ಕಣಪ್ಪಾ. ಇನ್ನೊಂದು ಬೇರು ಬೇಕು. ಅದನ್ನೂ ಅದೇ ಹೊಂಡದಲ್ಲಿ, ಯಾರಿಗೂ ಹೇಳದೆ ಮುಳುಗಿಸು."