ನೀಲಾಗೆ ಬಂದ ನೆರವು

ಬ್ಯಾಡಗಿಯ ನೀಲಾಗೆ ಬೇಕಾಗಿದ್ದದ್ದು ಒಂದೇ ಒಂದು ತಾಸಿನ ನಿದ್ದೆ. ಐದು ತಿಂಗಳ ಅವಳಿ ಕೂಸುಗಳು ಪಾಳಿ ಹಚ್ಚಿಕೊಂಡು ಅಳುತ್ತಿದ್ದವು. ಗಂಡ ದುರುಗೇಶ ಮೆಣಸಿನಕಾಯಿ ಚೀಲದ ಹಾಗೆ ಬಿದ್ದಲ್ಲೇ ಬಿದ್ದಿರುತ್ತಿದ್ದ. ಕಡೆಗೆ ಅವಳೇ ಒಂದು ಸಂಸ್ಥೆಗೆ ಫೋನು ಮಾಡಿದಳು. ಸಣ್ಣ ಮಕ್ಕಳಿಂದ ಹೈರಾಣಾದ ಮನೆಗೆ ಅವರು ದಿನಾ ಒಬ್ಬ ಹೆಣ್ಣುಮಗಳನ್ನು ಕಳಿಸುತ್ತಾರಂತೆ. ಆಕೆ ಕೂಸು ಎತ್ತಿಕೊಂಡರೆ ತಾಯಿ ಒಂದು ತಾಸು ಮಲಗಬಹುದಂತೆ. ಮೊದಲು ಒಬ್ಬ ಮೇಡಂ ಬಂದು ಮನೆಯ ಪಾಡು ನೋಡಬೇಕು, ಅಷ್ಟೇ.

ಮೇಡಂ ಬರುವ ದಿನ ಐದು ಗಂಟೆಗೇ ಅತ್ತೆ ದೇವವ್ವನ ಮರ್ಯಾದೆ ಎದ್ದು ಕೂತಿತು.

"ಏಳವಾ, ಮನಿ ಹಿಂಗ ಹರವಿಕೊಂಡು ಕುಂತ್ರ ಬಂದಾಕಿ ಏನಂದಾಳು? ಲಗೂ ಕಸಾ ಹೊಡಿ!"

"ಅತ್ತೀ, ಹಿಂಗ ಇದ್ದದ್ದು ನೋಡಾಕ ಅವ್ರು ಬರಾಕತ್ತಾರ್ರೀ."

"ನಾಕ ಮಂದ್ಯಾಗ ನಮ್ಮನಿ ಮಾನ ಕಳೀಬ್ಯಾಡ!"

ಸುಸ್ತಾಗಿದ್ದೇನೆ ಎಂದು ತೋರಿಸಲಿಕ್ಕೆ ನೀಲಾ ನೆಲ ಒರೆಸಿದಳು, ಭಾಂಡೆ ತಿಕ್ಕಿದಳು, ಕೂಸಿನ ಒದ್ದೆ ಬಟ್ಟೆ ಟ್ರಂಕಿನ ಹಿಂದೆ ಬಚ್ಚಿಟ್ಟಳು, ಮದುವೆಯ ಸೀರೆ ಉಟ್ಟಳು. ಹತ್ತರ ಹೊತ್ತಿಗೆ ಪಕ್ಕದ ಮನೆ ಬೀರವ್ವ ಕರೆಯದೇ ಬಂದಳು. ಬರುವಾಗ ಓಣಿಯ ಐದು ಹೆಂಗಸರನ್ನೂ ಕರೆತಂದಳು. ಅವರಿಗೂ ನೀಲಾ ಚುರುಮುರಿ ಕಲಸಿ ಗಿರಮಿಟ್ಟು ಮಾಡಬೇಕಲ್ಲ!

ಸಂಸ್ಥೆಯ ಮೇಡಂ ಸುಶ್ಮಿತಾ ಬಂದು ಕೂತು ಫಾರ್ಮು ಬಿಚ್ಚಿದಳು. ಆಮೇಲೆ ಅವಳ ತಲೆ ಅದರಿಂದ ಮೇಲೇಳಲಿಲ್ಲ.

"ತಾಯಿಗೆ ನಿದ್ದಿ ಆಗ್ತೈತೇನ್ರಿ?"

"ಭರಪೂರ ಆಗ್ತೈತ್ರಿ," ಎಂದಳು ದೇವವ್ವ.

"ತಂದಿ ಕೂಸು ನೋಡ್ಕೋತಾರೇನ್ರಿ?"

"ನನ್ನ ಮಗಾ ಕೂಸು ಕೆಳಗ ಇಡೂದ ಇಲ್ರಿ."

ಎತ್ತಿಕೊಂಡಿದ್ದರಲ್ಲವೇ ಕೆಳಗಿಡುವ ಮಾತು! ನೀಲಾ ಬಾಯಿ ತೆರೆದಳು. "ಮೇಡಮ್ಮಾರಿಗೆ ಇನ್ನೊಂದೀಟು ಚಾ ತಾರವಾ," ಎಂದಳು ಬೀರವ್ವ. ನೀಲಾ ನಾಲ್ಕನೇ ಸಲ ಒಲೆಯ ಮುಂದೆ ನಿಂತಳು.

ಚಹಾ ತಂದಾಗ ಕಡೆಯ ಪ್ರಶ್ನೆ ಉಳಿದಿತ್ತು. "ಇದನ್ನ ತಾಯಿನ ಹೇಳ್ಬೇಕ್ರಿ. ಅಕ್ಕಾರ, ನಿಮಗ ಏನ ಬೇಕು?"

ಎಲ್ಲರೂ ನೀಲಾಳ ಕಡೆ ತಿರುಗಿದರು. ಕೈಯಿಂದ ಕೈಗೆ ಸಾಗಿ ದಣಿದ ಕೂಸುಗಳು ಬೀರವ್ವನ ಮಡಿಲಲ್ಲಿ ಮಲಗಿದ್ದವು. ಇಷ್ಟು ದಿನ ಕಾದ ಗಳಿಗೆ ಇದೇ. ನೀಲಾ ಗೋಡೆಗೆ ಆತು ಕೂತಳು. "ನನಗ ಒಂದ..." ಎಂದಳು. ಮುಂದೆ ಕೇಳಿಸಿದ್ದು ಗೊರಕೆ.

"ಅಬ್ಬಾ, ಏನ್ ನಿಶ್ಚಿಂತಿರೀ!" ಸುಶ್ಮಿತಾ ಮೊದಲ ಸಲ ತಲೆ ಎತ್ತಿ ಫೋಟೋ ಹೊಡೆದುಕೊಂಡಳು.

ಐದೇ ನಿಮಿಷಕ್ಕೆ ದೇವವ್ವ ಸೊಸೆಯ ಭುಜ ಅಲುಗಾಡಿಸಿದಳು.

"ಏಳವಾ! ನಮಗ ನೆರವು ಬೇಕಾಗಿಲ್ಲಂತ ಬರಕೊಂಡು ಹೋದ್ರು. ನೀನ ಮಾದರಿ ತಾಯಿ ಅಂತ! ನಾಳಿಂದ ಹಾವೇರಿ, ರಾಣೇಬೆನ್ನೂರ ಕಡೆ ತಾಯಂದ್ರು ದಿನಾ ಹತ್ತ ಮಂದಿ ನಿನ್ನ ನೋಡಿ ಕಲಿಯಾಕ ಬರ್ತಾರ."

"ಕೂಸುಗಳು?"

"ಎತ್ಕೊಂಡ ಬರ್ತಾರ. ನಮ್ಮ ನೀಲಾ ನೋಡ್ಕೋತಾಳ ಅಂತ ಹೇಳೇನಿ. ಪಾಪ, ಒಂದ ತಾಸರ ಮಲಗ್ಲಿ ಅವ್ರು."