ಒಂದು ದಿನದ ದುಬಾರಿ

ಪೋಸ್ಟ್‌ಮಾಸ್ಟರು ಫೋನಿನಲ್ಲಿ ಆಡಿದ್ದು ಒಂದೇ ಒಂದು ಮಾತು.

“ಇಲ್ಲಿ ಎಲ್ಲಾ ಎಷ್ಟು ಅಗ್ಗ ಅಂದ್ರೆ ಅಣ್ಣಾ, ಪೆನ್ಷನ್ನಲ್ಲಿ ಅರ್ಧ ಖರ್ಚು ಮಾಡೋದೇ ಕಷ್ಟ!”

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು. “ಹೌದಾ? ಹಾಗಾದ್ರೆ ಬಂದು ನೋಡ್ತೀನಿ.”

ಫೋನ್ ಕೆಳಗಿಟ್ಟ ಮೇಲೆ ಪೋಸ್ಟ್‌ಮಾಸ್ಟರಿಗೆ ತಾವು ಆಡಿದ್ದೇನು ಎಂದು ತಿಳಿಯಿತು. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

ನಿವೃತ್ತರಾದ ಮೇಲೆ ಗಂಡ ಹೆಂಡತಿ ಪರದೇಶದ ಈ ಸಮುದ್ರದಂಚಿನ ಊರಿಗೆ ಬಂದದ್ದು ಖರ್ಚು ಕಡಿಮೆ ಎಂಬ ಕಾರಣಕ್ಕೆ. ಬೀದಿಯ ಉದ್ದಕ್ಕೂ ಇವರ ಹಾಗೆಯೇ ತಾಯ್ನಾಡಿನಿಂದ ಪಿಂಚಣಿ ಹೊತ್ತುಕೊಂಡು ಬಂದ ಹಿರಿಯರು ತುಂಬಿಕೊಂಡಿದ್ದರು. ಆದರೆ ಪೋಸ್ಟ್‌ಮಾಸ್ಟರಿಗೆ ಇನ್ನೊಂದು ಕಾರಣವೂ ಇತ್ತು. ಅಣ್ಣನಿಗೂ ತಮಗೂ ನಡುವೆ ಒಂದು ಸಮುದ್ರ ಇರಲಿ ಎನ್ನುವುದು.

ಅಣ್ಣ ಕೆಟ್ಟವರಲ್ಲ. ಮದುವೆಯಾಗದೆ ಉಳಿದ ಹೆಡ್‌ಮಾಸ್ಟರು. ಶಾಲೆ ಅವರನ್ನು ಬಿಟ್ಟರೂ ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಹಿಂದೊಮ್ಮೆ ವಾರಕ್ಕೆಂದು ತಮ್ಮನ ಮನೆಗೆ ಬಂದವರು ಮಾವಿನ ಕಾಲ ಮುಗಿಯುವವರೆಗೂ ಇದ್ದರು. ಬೆಳಕು ಹರಿಯುವ ಮುಂಚೆ ಇಬ್ಬರಿಂದಲೂ ಕವಾಯತು ಮಾಡಿಸಿದರು. ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಲ್ಲಿ ಜೋಡಿಸಿದರು. ಸಕ್ಕರೆಯ ಮಗ್ಗುಲಿಗೆ ಸೋಪಿನ ಪುಡಿ ಬಂದು, ಒಂದು ಬೆಳಿಗ್ಗೆ ಕಾಫಿಯಲ್ಲಿ ಹಿಂದೆಂದೂ ಕಾಣದಷ್ಟು ನೊರೆ ಎದ್ದಿತ್ತು.

“ಇಲ್ಲಿ ಅಗ್ಗ ಅಂತ ಖಾತ್ರಿ ಆದ್ರೆ ಭಾವನವರು ಇಲ್ಲೇ ಠಿಕಾಣಿ ಹೂಡ್ತಾರೆ,” ಎಂದರು ಹೆಂಡತಿ. “ನಾಲಿಗೆ ಹರಿಬಿಟ್ಟೋರು ನೀವು. ದಾರೀನೂ ನೀವೇ ಹುಡುಕಿ.”

ಪೋಸ್ಟ್‌ಮಾಸ್ಟರು ದಾರಿ ಹುಡುಕಿದರು. ಅಣ್ಣ ಬರುವ ಹಿಂದಿನ ಸಂಜೆ ಬೀದಿಗಿಳಿದು, ಬಳಕೆಯ ಅಂಗಡಿಗಳಿಗೆಲ್ಲ ಹೋಗಿ ಬಂದರು. ನಾಳೆ ನನ್ನ ಜೊತೆ ಬಿಳಿ ಟೋಪಿಯ ಹಿರಿಯರೊಬ್ಬರು ಬರುತ್ತಾರೆ, ಅವರೆದುರು ಎಲ್ಲದಕ್ಕೂ ದುಪ್ಪಟ್ಟು ಬೆಲೆ ಹೇಳಬೇಕು, ಇದು ಮನೆಯೊಳಗಿನ ವಿಷಯ, ಎಂದು ಕೇಳಿಕೊಂಡರು. ಬೀದಿಯ ಹಿರಿಯರ ಜೊತೆ ವ್ಯಾಪಾರ ಮಾಡಿ ಮಾಡಿ ಅವರ ಭಾಷೆ ಕಲಿತಿದ್ದ ತರಕಾರಿ ಹೆಂಗಸು ತಕ್ಕಡಿ ಅಲುಗಾಡುವಷ್ಟು ನಕ್ಕಳು.

“ಬೆಲೆ ಇಳಿಸು ಅಂತ ದಿನಾ ಜೀವ ತಿನ್ನೋರು ನೀವೇ ತಾನೇ?”

“ನಾಳೆ ಒಂದು ದಿನ ನೀನು ನನ್ನ ಜೀವ ತಿನ್ನು ತಾಯಿ.”

ಕ್ಷೌರಿಕನ ಹತ್ತಿರ ಸ್ವಲ್ಪ ತೊಡಕಾಯಿತು. ಅವನಿಗೆ ಇವರ ಭಾಷೆ ಬಾರದು. ಪೋಸ್ಟ್‌ಮಾಸ್ಟರಿಗೆ ಅಲ್ಲಿಯ ಭಾಷೆ ಬರುತ್ತಿದ್ದದ್ದು ಅರೆಬರೆ. ಬೆಲೆ ಕೇಳಲು ಅದು ಸಾಕಾಗುತ್ತಿತ್ತು, ಸಂಚು ಹೂಡಲು ಸಾಲದು. ಎರಡು ಬೆರಳೆತ್ತಿ, ತಲೆ ತೋರಿಸಿ, ಮತ್ತೆ ಎರಡು ಬೆರಳೆತ್ತಿದರು. ಕ್ಷೌರಿಕ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ.

ಹೆಡ್‌ಮಾಸ್ಟರು ಬೆಳಿಗ್ಗೆ ಬಂದಿಳಿದರು. ಕಾಫಿ ಕುಡಿದು ಲೋಟ ಕೆಳಗಿಡುತ್ತಲೇ ತಮ್ಮನ ತಲೆಯ ಮೇಲೆ ಕಣ್ಣು ಹಾಯಿಸಿದರು.

“ಏನೋ ಇದು, ಗುಬ್ಬಿ ಗೂಡು? ನಡಿ, ಮೊದಲು ಕಟಿಂಗ್ ಮಾಡಿಸು.”

ಒಳ್ಳೆಯದೇ ಆಯಿತು, ಶುರುವಿನಲ್ಲೇ ಒಂದು ಪೆಟ್ಟು ಬೀಳುತ್ತದೆ ಎಂದುಕೊಂಡು ಪೋಸ್ಟ್‌ಮಾಸ್ಟರು ಹುರುಪಿನಿಂದಲೇ ಕುರ್ಚಿಯಲ್ಲಿ ಕುಳಿತರು. ಕ್ಷೌರಿಕ ಕಣ್ಣು ಮಿಟುಕಿಸಿದ. ಇವರೂ ಮಿಟುಕಿಸಿ, ತಂಪು ಗಾಳಿಗೆ ಹಾಗೇ ಕಣ್ಣು ಮುಚ್ಚಿದರು. ಕ್ಷೌರಿಕ ಒಂದು ಸುತ್ತು ಕತ್ತರಿಸಿ ಮುಗಿಸಿ, ಕೊಟ್ಟ ಮಾತಿಗೆ ತಪ್ಪದೆ ಎರಡನೇ ಸುತ್ತು ಶುರುಮಾಡಿದ. ಪೋಸ್ಟ್‌ಮಾಸ್ಟರು ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಸುಲಿದ ತೆಂಗಿನಕಾಯಿಯೊಂದು ಅವರನ್ನೇ ದಿಟ್ಟಿಸುತ್ತಿತ್ತು.

ಇಷ್ಟರ ಮೇಲೆ ಅವನು ಕೇಳಿದ್ದು ಮಾಮೂಲಿ ದರ.

“ಪರವಾಗಿಲ್ಲ ಕಣೋ, ಅಗ್ಗವೇ,” ಎಂದರು ಹೆಡ್‌ಮಾಸ್ಟರು.

ಪೋಸ್ಟ್‌ಮಾಸ್ಟರು ಬೋಳುತಲೆ ಸವರಿಕೊಳ್ಳುತ್ತ ಅವರನ್ನು ತರಕಾರಿ ಅಂಗಡಿಗೆ ಎಳೆದುಕೊಂಡೇ ಹೋದರು. ಅಲ್ಲಿ ಮೋಸವಾಗಲಿಲ್ಲ. ತರಕಾರಿ ಹೆಂಗಸು ರಾತ್ರಿಯೆಲ್ಲ ಪಾತ್ರ ಕಲಿತವಳಂತೆ ಸಿದ್ಧಳಾಗಿದ್ದಳು. ಟೊಮೇಟೊ ಬೆಲೆ ಕೇಳಿದ್ದಕ್ಕೆ ಮೊದಲು ಆಕಾಶ ನೋಡಿದಳು, ಆಮೇಲೆ ಸೆರಗಿಲ್ಲದಿದ್ದರೂ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅವಳು ಹೇಳಿದ್ದು ದುಪ್ಪಟ್ಟೂ ಅಲ್ಲ, ಮೂರುಪಟ್ಟು. “ಈರುಳ್ಳಿ ಕೇಳಲೇಬೇಡಿ ಸ್ವಾಮಿ, ಹೇಳೋಕೆ ನನಗೇ ನಾಚಿಕೆ,” ಎಂದಳು.

ಹೆಡ್‌ಮಾಸ್ಟರ ಮುಖ ಗಂಭೀರವಾಯಿತು. ಪೋಸ್ಟ್‌ಮಾಸ್ಟರು ಒಳಗೊಳಗೇ ಹಿಗ್ಗಿದರು. ಅವರ ಹಿಗ್ಗು ಹಿಂದಿನಿಂದ ಒಂದು ದನಿ ಕೇಳುವವರೆಗೆ ಮಾತ್ರ ಇತ್ತು.

“ಏನು? ಟೊಮೇಟೊ ಅಷ್ಟಾ?”

ಮೇಲಿನ ಮನೆಯ ಹಲ್ಲಿನ ಡಾಕ್ಟರು, ಚೀಲ ಹಿಡಿದು ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದ ಹಾಗೆ. ಪೋಸ್ಟ್‌ಮಾಸ್ಟರು ಅಣ್ಣನಿಗೆ ಕಾಣದಂತೆ ಕಣ್ಣು ಮಿಟುಕಿಸಿದರು. ಡಾಕ್ಟರು ಹತ್ತಿರ ಬಂದು ಅವರ ಕಣ್ಣನ್ನೇ ನೋಡಿದರು.

“ಅದುರ್ತಾ ಇದೆಯಲ್ರೀ! ನಿದ್ದೆ ಇಲ್ವಾ? ತಲೆ ಬೇರೆ ಬೋಳಿಸಿದೀರಿ! ಬೆಲೆ ಏರಿಕೆ ಮನುಷ್ಯನ್ನ ಎಲ್ಲಿಗೆ ತಂದು ನಿಲ್ಲಿಸ್ತು ನೋಡಿ!”

ಹೀಗೆಂದವರೇ, ಮಂಡಿನೋವನ್ನೂ ಮರೆತು ದಾಪುಗಾಲು ಹಾಕುತ್ತ ಹೊರಟುಹೋದರು.

ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯ ಹಿರಿಯರೆಲ್ಲ ಕೋಲು ಊರಿಕೊಂಡು ಚೀಲದೊಡನೆ ಹೊರಬಿದ್ದಿದ್ದರು. ನಾಳೆ ಇನ್ನೂ ಏರುತ್ತದಂತೆ ಎಂದು ಒಬ್ಬರು, ಅಡುಗೆ ಗ್ಯಾಸೂ ಸಿಗುವುದಿಲ್ಲವಂತೆ ಎಂದು ಇನ್ನೊಬ್ಬರು. ತರಕಾರಿ ಹೆಂಗಸು ಒಬ್ಬರಿಗೊಂದು ಮತ್ತೊಬ್ಬರಿಗೊಂದು ಬೆಲೆ ಹೇಳುವುದು ನ್ಯಾಯವಲ್ಲವೆಂದು ಎಲ್ಲರಿಗೂ ಒಂದೇ ದರ ಹೇಳಿದಳು. ಅದೂ ಬೆಳಗಿನ ದರವನ್ನೇ. ಸಂಜೆಯೊಳಗೆ ಅಂಗಡಿ ಖಾಲಿಯಾಯಿತು, ನಾಲ್ಕು ಒಣಗಿದ ನಿಂಬೆಹಣ್ಣು ಬಿಟ್ಟು.

“ನಿಜ ಹೇಳಿಬಿಡಿ,” ಎಂದು ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರು.

“ಹೇಗೆ ಹೇಳ್ಲಿ? ಅಣ್ಣನ್ನ ಓಡಿಸೋಕೆ ಇಷ್ಟೆಲ್ಲಾ ಮಾಡ್ದೆ ಅಂತಾನಾ?”

ಸಂಜೆ ಕಟ್ಟಡದ ಕೆಳಗಿನ ಪಡಸಾಲೆಯಲ್ಲಿ ಡಾಕ್ಟರು ಬೆಲೆ ಏರಿಕೆಯ ವಿರುದ್ಧ ಸಭೆ ಕರೆದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ಮೂಲೆಯಲ್ಲಿದ್ದ ಹೆಡ್‌ಮಾಸ್ಟರು ಎದ್ದು ನಿಂತು, “ಸದ್ದು!” ಎಂದರು. ಪಡಸಾಲೆ ಗಪ್‌ಚಿಪ್ಪಾಯಿತು. ಕಿವಿ ಸರಿಯಾಗಿ ಕೇಳದ ಅಜ್ಜಿಯೊಬ್ಬರೂ ಕೈಕಟ್ಟಿ ಕುಳಿತರು. ಇಂಥ ದನಿ ಇರುವವರೇ ನಮ್ಮ ಹೋರಾಟಕ್ಕೆ ಅಧ್ಯಕ್ಷರಾಗಬೇಕು ಎಂದು ಡಾಕ್ಟರು ಅಲ್ಲೇ ಸೂಚಿಸಿದರು.

“ಅದು ಆಗದ ಮಾತು,” ಎಂದರು ಹೆಡ್‌ಮಾಸ್ಟರು. “ಈ ಉಪ್ಪುಗಾಳಿ ನನ್ನ ಕೀಲಿಗೆ ಒಗ್ಗೋದಿಲ್ಲ. ನಾಳಿದ್ದು ವಾಪಸ್ ಹೊರಡ್ತೀನಿ. ಟಿಕೆಟ್ ತಗೊಂಡೇ ಬಂದಿದೀನಿ.”

ಪೋಸ್ಟ್‌ಮಾಸ್ಟರ ಎದೆಯಲ್ಲಿ ಡೋಲು ಬಡಿದಂತಾಯಿತು. ಹೋದ ಕೂದಲು, ಖಾಲಿಯಾದ ಅಂಗಡಿ, ಕಂಗಾಲಾದ ಊರು, ಎಲ್ಲವನ್ನೂ ಆ ಒಂದು ಟಿಕೆಟ್ಟಿಗಾಗಿ ಕ್ಷಮಿಸಬಹುದು ಎನಿಸಿತು. ಹೆಡ್‌ಮಾಸ್ಟರು ಡಾಕ್ಟರನ್ನು ಪಕ್ಕಕ್ಕೆ ಕರೆದು ಏನೋ ಮೆಲ್ಲಗೆ ಹೇಳುತ್ತಿದ್ದುದನ್ನು ಅವರು ಗಮನಿಸಲೂ ಇಲ್ಲ. ಹೆಂಡತಿಗೆ ಸುದ್ದಿ ಮುಟ್ಟಿಸಲು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದರು.

ಹೆಡ್‌ಮಾಸ್ಟರು ನಿಧಾನವಾಗಿ ಹಿಂದೆ ಬಂದರು. ಬಾಲ್ಕನಿಯಲ್ಲಿ ನಿಂತು ಮುಳುಗುತ್ತಿದ್ದ ಸೂರ್ಯನನ್ನು ನೋಡಿದರು.

“ಬಾ ಇಲ್ಲಿ,” ಎಂದರು ತಮ್ಮನಿಗೆ. ಆ ದನಿಯಲ್ಲಿ ಶಾಲೆ ಇರಲಿಲ್ಲ. “ನಾನು ಇಲ್ಲಿ ಇರೋಕೆ ಬಂದೋನಲ್ಲ ಕಣೋ. ಎಲ್ಲಾ ಅಗ್ಗ ಅಂತ ಫೋನಲ್ಲಿ ಹೇಳ್ದೆಯಲ್ಲ, ಆಗಲೇ ಎದೆ ಧಸಕ್ ಅಂತು. ಚಿಕ್ಕಂದಿನಿಂದ ನೋಡಿದೀನಿ, ನೀನು ಜಂಬ ಕೊಚ್ಚೋದೇ ಕಷ್ಟದಲ್ಲಿದ್ದಾಗ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಅಣ್ಣಾ, ಹಾಗೇನೂ ಇಲ್ಲ...”

“ಮುಚ್ಚಿಡಬೇಡ. ಮತ್ತೆ ಮತ್ತೆ ಕಟಿಂಗ್ ಖರ್ಚು ಬೇಡ ಅಂತ ಒಂದೇ ಸಲಕ್ಕೆ ಬೋಳಿಸ್ಕೊಂಡೆ. ನಾನು ನೋಡ್ಲಿಲ್ವಾ?” ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. “ಹೊರಡ್ತೀನಿ ಅಂತ ಸಭೇಲಿ ಅಂದೆ, ಆದ್ರೆ ಅಂದ ಮರುಗಳಿಗೇನೇ ನಿನ್ನ ಬೋಳುತಲೆ ಕಣ್ಣಿಗೆ ಬಿತ್ತು. ಒಡಹುಟ್ಟಿದೋನನ್ನ ಈ ಸ್ಥಿತೀಲಿ ಬಿಟ್ಟು ಹೋದ್ರೆ ನನಗೆ ಅನ್ನ ಇಳಿಯುತ್ತೇನೋ? ಕೀಲು ನೋಯ್ಲಿ ಬಿಡು. ನನ್ನ ಪೆನ್ಷನ್ನೂ ಸೇರಿದ್ರೆ ಮೂರು ಜನ ಹೇಗೋ ತೂಗಿಸಬಹುದು. ಟಿಕೆಟ್ ರದ್ದು ಮಾಡೋಕೆ ಡಾಕ್ಟರಿಗೆ ಹೇಳ್ಬಿಟ್ಟೆ.”

ಪೋಸ್ಟ್‌ಮಾಸ್ಟರು ಬಾಯಿ ತೆರೆದರು. ಅಣ್ಣನ ಒದ್ದೆ ಕಣ್ಣು ಕಂಡಿತು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಒಳಗೆ ಹೆಂಡತಿಯ ಕೈಯಿಂದ ಏನೋ ಜಾರಿ ಬಿದ್ದು, ಉರುಳಿಕೊಂಡು ಹೋದ ಸದ್ದು ಕೇಳಿಸಿತು.

ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಧಡಧಡ ಎಂದು ಇನ್ನೊಂದು ಸದ್ದು. ಬಾಗಿಲು ತೆರೆದರೆ ಹಲ್ಲಿನ ಡಾಕ್ಟರು, ಬೆವರಿನಲ್ಲಿ ತೊಯ್ದು, ಒಂದು ಮರದ ಮಂಚದ ತುದಿಯನ್ನು ಅಪ್ಪಿ ಹಿಡಿದು ನಿಂತಿದ್ದರು.

“ಅಧ್ಯಕ್ಷರಿಗೆ ಮಂಚ! ಹಳೇದೇ, ಆದ್ರೆ ಗಟ್ಟಿಮುಟ್ಟು,” ಎಂದರು ಏದುಸಿರು ಬಿಡುತ್ತ. “ರೇಟ್ ಮಾತ್ರ ಇವತ್ತಿನ ರೇಟೇ ಸ್ವಾಮಿ. ಹಿಡೀರಿ, ಕೈ ಜಾರ್ತಾ ಇದೆ.”

ಪೋಸ್ಟ್‌ಮಾಸ್ಟರು ಬಗ್ಗಿ ಮಂಚದ ಇನ್ನೊಂದು ತುದಿ ಹಿಡಿದರು.